ಕಾಂತದ ಕಾವೂ ಜಠರದ ಕ್ರಿಮಿಯೂ

ಬೆಂಕಿಯಿಲ್ಲದೆ ಅಡಿಗೆ ಮಾಡುವ ಇಂಡಕ್ಷನ್ ಒಲೆ ಈಗ ಅನೇಕ ಮನೆಗಳಲ್ಲಿ ಕಂಡುಬರುವುದು. ಅದರ ಗಾಜಿನ ಹಾಸಿನ ಮೇಲೆ ಕಬ್ಬಿಣದ ಬಾಣಲೆಯನ್ನಿಟ್ಟು ಗುಂಡಿಯನ್ನೊತ್ತಿದರೆ ಸ್ವಲ್ಪ ಹೊತ್ತಿನಲ್ಲಿಯೇ ಬಾಣಲೆ ಕಾಯುವುದು. ಅದೇ ಹಾಸಿನ ಮೇಲೆ ಮಣ್ಣಿನ ಕುಡಿಕೆಯನ್ನಿಟ್ಟರೆ ಅದು ತಣ್ಣಗೆಯೇ ಉಳಿಯುವುದು. ಹಾಸಿನ ಕೆಳಗೆ ಇರುವುದು ತಾಮ್ರದ ತಂತಿಯ ಒಂದು ಸುರುಳಿ ಮಾತ್ರ. ಆ ಸುರುಳಿಯಲ್ಲಿ ವಿದ್ಯುತ್ಪ್ರವಾಹವು ಸೆಕೆಂಡಿಗೆ ೨೦,೦೦೦ಕ್ಕೂ ಹೆಚ್ಚು ಸಲ ಹಿಂದಕ್ಕೂ ಮುಂದಕ್ಕೂ ಆಂದೋಲಿಸುವುದರಿಂದ ಅದರ ಸುತ್ತಲಿನ ಕಾಂತಕ್ಷೇತ್ರವೂ ಅಷ್ಟೇ ಸಲ ದಿಕ್ಕು ಬದಲಿಸುವುದು. ಈ ಚಂಚಲವಾದ ಕಾಂತಕ್ಷೇತ್ರವು ಬಾಣಲೆಯ ಲೋಹದಲ್ಲಿ ಸುಳಿಸುಳಿಯಾದ ವಿದ್ಯುತ್ಪ್ರವಾಹಗಳನ್ನು ಹುಟ್ಟಿಸುವುದು. ಲೋಹದ ರೋಧದಿಂದಾಗಿ ಆ ಪ್ರವಾಹಗಳ ಶಕ್ತಿ ಶಾಖವಾಗಿ ಮಾರ್ಪಡುವುದು. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ ಪ್ರೇರಣೆಯ ತತ್ತ್ವವೇ ಇಂದು ನಮ್ಮ ಹಾಲನ್ನು ಕಾಯಿಸುತ್ತಿರುವುದು.

ಈಗ ಒಂದು ವಿಚಿತ್ರವಾದ ಪ್ರಶ್ನೆಯನ್ನು ಕೇಳಿಕೊಳ್ಳೋಣ. ಈ ಬಾಣಲೆಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದು ಮಾಡಿ, ಔಷಧದಂತೆ ನುಂಗಿಸಿ, ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡಿರುವ ರೋಗಕ್ರಿಮಿಗಳ ಬಳಿಗೆ ಕಳುಹಿಸಿ, ಹೊರಗಿನಿಂದ ಕಾಂತಕ್ಷೇತ್ರವನ್ನು ಹಾಯಿಸಿ ಅಲ್ಲಿಯೇ ಕಾಯಿಸಿದರೆ ಆ ಕ್ರಿಮಿಗಳನ್ನು ಕೊಲ್ಲಲಾಗುವುದೇ? ಇದು ಕೇವಲ ಕಲ್ಪನೆಯಲ್ಲ. ಕೆಲವು ಪ್ರಯೋಗಶಾಲೆಗಳಲ್ಲಿ ಇದರ ಮೊದಲ ಹೆಜ್ಜೆಗಳನ್ನು ಇಟ್ಟಾಗಿದೆ. ಇದರ ಹಿಂದಿರುವ ಭೌತವಿಜ್ಞಾನವು ಕಾಲೇಜಿನ ವಿದ್ಯಾರ್ಥಿಗೆ ಎಟುಕದುದೇನೂ ಅಲ್ಲ. ಅದೇ ಭೌತವಿಜ್ಞಾನವು ಈ ಉಪಾಯದಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನೂ ಸ್ಪಷ್ಟವಾಗಿ ಹೇಳುವುದು. ಆ ಎರಡನೆಯ ಭಾಗವನ್ನು ವೃತ್ತಪತ್ರಿಕೆಗಳ ಸುದ್ದಿಗಳು ಸಾಮಾನ್ಯವಾಗಿ ಬಿಟ್ಟುಬಿಡುವುದರಿಂದ ಇಲ್ಲಿ ಅದಕ್ಕೇ ಹೆಚ್ಚು ಸ್ಥಳವನ್ನು ಕೊಡಲಾಗಿದೆ.

ಮೊದಲು ಕ್ರಿಮಿಯ ಪರಿಚಯ. ಜಠರದ ಹುಣ್ಣಿಗೆ ಖಾರದ ಊಟ, ಮನಸ್ಸಿನ ಚಿಂತೆ, ಅತಿಯಾದ ಆಮ್ಲ ಇವೇ ಕಾರಣಗಳೆಂದು ವೈದ್ಯರೂ ಬಹುಕಾಲ ನಂಬಿದ್ದರು. ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲ ತುಂಬಿರುವ ಆ ಚೀಲದಲ್ಲಿ ಯಾವ ಜೀವಾಣುವೂ ನೆಲಸಲಾರದೆಂಬುದು ಎಲ್ಲರ ಎಣಿಕೆಯಾಗಿತ್ತು. ಆಸ್ಟ್ರೇಲಿಯದ ಪರ್ತ್ ನಗರದ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ೧೯೭೯ರಲ್ಲಿ ರೋಗಿಗಳ ಜಠರದ ಚೂರುಗಳಲ್ಲಿ ಬಾಗಿದ ಬ್ಯಾಕ್ಟೀರಿಯಗಳನ್ನು ಕಂಡನು. ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯನು ಅವನೊಡನೆ ಸೇರಿ ಅವನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಲು ಯತ್ನಿಸಿದನು. ತಟ್ಟೆಗಳನ್ನು ಎರಡು ದಿನ ನೋಡಿ, ಏನೂ ಬೆಳೆಯದಿದ್ದರೆ ಎಸೆದುಬಿಡುವುದು ಪ್ರಯೋಗಶಾಲೆಯ ವಾಡಿಕೆ. ೧೯೮೨ರ ಈಸ್ಟರ್ ಹಬ್ಬದ ರಜೆ ದೀರ್ಘವಾಗಿದ್ದುದರಿಂದ ಒಮ್ಮೆ ತಟ್ಟೆಗಳು ಐದು ದಿನ ಹಾಗೆಯೇ ಉಳಿದವು. ಮರಳಿ ಬಂದು ನೋಡುವಾಗ ಕ್ರಿಮಿಗಳ ಗುಂಪುಗಳು ಬೆಳೆದಿದ್ದವು! ಇಷ್ಟಾದರೂ ವೈದ್ಯಲೋಕ ನಂಬಲಿಲ್ಲ. ೧೯೮೪ರಲ್ಲಿ ಮಾರ್ಷಲನು ಆ ಕ್ರಿಮಿಗಳ ಕಷಾಯವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡು ತೋರಿಸಿದನು. ಈ ಮಾರ್ಗವನ್ನು ವಾಚಕರು ಯಾರೂ ಅನುಕರಿಸಬಾರದು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ದೊರೆಯಿತು.

ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬುದು ಈ ಕ್ರಿಮಿಯ ಹೆಸರು. ಸುರುಳಿಯಾಕಾರದ ಮೈ, ಸುಮಾರು ೩ ಮೈಕ್ರೋಮೀಟರ್ ಉದ್ದ, ಅರ್ಧ ಮೈಕ್ರೋಮೀಟರ್ ದಪ್ಪ. ಅಂದರೆ ಮೂನ್ನೂರಕ್ಕೂ ಹೆಚ್ಚು ಕ್ರಿಮಿಗಳನ್ನು ಉದ್ದುದ್ದಕ್ಕೆ ಜೋಡಿಸಿದರೆ ಒಂದು ಮಿಲಿಮೀಟರ್ ಆಗುವುದು. ಇದು ಆಮ್ಲದಲ್ಲಿ ಬದುಕುವ ಜಾಣತನ ಮೆಚ್ಚತಕ್ಕದ್ದು. ಇದರಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ. ನಮ್ಮ ದೇಹದ್ರವಗಳಲ್ಲಿರುವ ಯೂರಿಯವನ್ನು ಆ ಕಿಣ್ವವು ಒಡೆದು ಅಮೋನಿಯವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಉಂಟುಮಾಡುವುದು. ಅಮೋನಿಯವು ಸುತ್ತಲಿನ ಆಮ್ಲವನ್ನು ತಣಿಸುವುದು. ಜಠರದ ಗೋಡೆಯನ್ನು ಕಾಪಾಡುವ ಗಟ್ಟಿಯಾದ ಲೋಳೆಯು ಆಮ್ಲ ಕಡಮೆಯಾದಲ್ಲಿ ತೆಳ್ಳಗಾಗುವುದು. ಹೀಗೆ ತನ್ನ ದಾರಿಯನ್ನು ತಾನೇ ಕರಗಿಸಿಕೊಂಡು, ಬಾಲದಂತಹ ಎಳೆಗಳನ್ನು ಬೀಸುತ್ತ, ಕ್ರಿಮಿಯು ಲೋಳೆಯ ಕೆಳಗೆ ಹೋಗಿ ಸೇರುವುದು.

ಇದು ಸಾಮಾನ್ಯ ಶತ್ರುವಲ್ಲ. ಪ್ರಪಂಚದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಜಠರದಲ್ಲಿ ಇದು ನೆಲಸಿದೆಯೆಂದು ಬಹುಕಾಲದಿಂದ ಅಂದಾಜು ಮಾಡಲಾಗಿದೆ. ಬಹುಪಾಲು ಜನರಿಗೆ ಇದರಿಂದ ತೊಂದರೆ ತಿಳಿಯದು, ಕೆಲವರಿಗೆ ಹುಣ್ಣಾಗುವುದು, ಇನ್ನೂ ಕೆಲವರಿಗೆ ವರ್ಷಾಂತರದಲ್ಲಿ ಜಠರದ ಕ್ಯಾನ್ಸರ್ ಬರುವುದು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ೧೯೯೪ರಲ್ಲಿ ಇದನ್ನು ಮಾನವರಿಗೆ ಕ್ಯಾನ್ಸರ್ ತರುವ ಕಾರಣಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಆಮ್ಲವನ್ನು ತಗ್ಗಿಸುವ ಒಂದು ಔಷಧವನ್ನೂ ಎರಡು ಅಥವಾ ಹೆಚ್ಚು ಆಂಟಿಬಯಾಟಿಕ್‌ಗಳನ್ನೂ ಒಂದೆರಡು ವಾರ ಒಟ್ಟಿಗೆ ಕೊಡುವುದು ರೂಢಿಯ ಚಿಕಿತ್ಸೆ. ಆದರೆ ಕ್ಲಾರಿಥ್ರೊಮೈಸಿನ್ ಎಂಬ ಮುಖ್ಯ ಔಷಧಕ್ಕೆ ಬಗ್ಗದ ಕ್ರಿಮಿಗಳು ಹೆಚ್ಚುತ್ತ ಬಂದವು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ, ಹೊಸ ಔಷಧಗಳು ತುರ್ತಾಗಿ ಬೇಕಾಗಿರುವ ಕ್ರಿಮಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಬೇಕಾಯಿತು. ಔಷಧಕ್ಕೆ ಬಗ್ಗದುದು ಕಾವಿಗೆ ಬಗ್ಗೀತೇ ಎಂಬ ಆಲೋಚನೆ ಹುಟ್ಟುವುದು ಇಲ್ಲಿಯೇ.

ಇನ್ನು ಕಾವಿನ ವಿಚಾರ. ಬಾಣಲೆಯನ್ನು ಚಿಕ್ಕದು ಮಾಡುತ್ತ ಹೋದರೆ ಏನಾಗುವುದು? ಸುಳಿಪ್ರವಾಹಗಳಿಗೆ ಸುತ್ತಲು ಜಾಗ ಬೇಕು. ಲೋಹದ ತುಂಡಿನ ಅಡ್ಡಳತೆ ಹತ್ತರಲ್ಲೊಂದಾದರೆ, ಘನ ಸೆಂಟಿಮೀಟರಿಗೆ ಹುಟ್ಟುವ ಸುಳಿಶಾಖ ನೂರರಲ್ಲೊಂದಾಗುವುದು. ನಾವು ಹೇಳುತ್ತಿರುವ ಕಣಗಳ ಅಡ್ಡಳತೆ ೧೦ರಿಂದ ೨೦ ನ್ಯಾನೋಮೀಟರ್. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಚಿಕ್ಕ ಕಣದಲ್ಲಿ ಸುಳಿಪ್ರವಾಹದ ಕಾವು ಇಲ್ಲವೇ ಇಲ್ಲ ಎನ್ನಬಹುದು. ಆದುದರಿಂದ ಅಡಿಗೆಮನೆಯ ತತ್ತ್ವ ಇಲ್ಲಿಗೆ ಮುಗಿಯಿತು. ಬೇರೊಂದು ತತ್ತ್ವ ಬೇಕು.

ಈ ಕಣಗಳನ್ನು ಸಾಮಾನ್ಯವಾಗಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡಿನಿಂದ ಮಾಡುವರು. ಸೂಜಿಗಲ್ಲು ಎಂದು ನಾವು ಕರೆಯುವುದೂ ಇದೇ ಖನಿಜವನ್ನು. ಇಷ್ಟು ಚಿಕ್ಕ ಹರಳಿನಲ್ಲಿ ಪರಮಾಣುಗಳ ಕಾಂತತ್ವವೆಲ್ಲ ಒಂದೇ ದಿಕ್ಕಿಗೆ ತಿರುಗಿ, ಇಡೀ ಹರಳು ಒಂದು ಪುಟ್ಟ ಅಯಸ್ಕಾಂತವಾಗಿರುವುದು. ಹರಳಿನೊಳಗೆ ಆ ಕಾಂತತ್ವಕ್ಕೆ ಅನುಕೂಲವಾದ ದಿಕ್ಕುಗಳು ಕೆಲವು ಮಾತ್ರ. ಒಂದರಿಂದ ಇನ್ನೊಂದಕ್ಕೆ ಹೊರಳಬೇಕಾದರೆ ನಡುವೆ ಒಂದು ಶಕ್ತಿಯ ದಿಣ್ಣೆಯನ್ನು ದಾಟಬೇಕು. ದಿಣ್ಣೆಯ ಎತ್ತರ ಹರಳಿನ ಗಾತ್ರಕ್ಕೆ ಅನುಗುಣವಾಗಿರುವುದು. ಸುತ್ತಲಿನ ಅಣುಗಳ ಉಷ್ಣಚಲನೆಯು ಕಾಂತತ್ವವನ್ನು ಆಗಾಗ ಆಚೆಗೆ ಎತ್ತಿಹಾಕುವುದು. ಇದಕ್ಕೆ ಸರಾಸರಿ ಎಷ್ಟು ಕಾಲ ಹಿಡಿಯುವುದೆಂಬುದನ್ನು ಫ್ರಾನ್ಸಿನ ಲೂಯಿ ನೀಲ್ ೧೯೪೯ರಲ್ಲಿ ಲೆಕ್ಕ ಹಾಕಿ ತೋರಿಸಿದನು. ದಿಣ್ಣೆ ತುಸು ಎತ್ತರವಾದರೂ ಕಾಲ ವಿಪರೀತವಾಗಿ ಏರುವುದು ಇಲ್ಲಿಯ ವಿಶೇಷ. ಮ್ಯಾಗ್ನಟೈಟಿಗೆ ಒಪ್ಪುವ ಅಂಕಿಗಳನ್ನು ಹಾಕಿ ನೋಡಿದರೆ, ದೇಹದ ಉಷ್ಣತೆಯಲ್ಲಿ ೧೦ ನ್ಯಾನೋಮೀಟರಿನ ಹರಳು ಸುಮಾರು ೫ ನ್ಯಾನೋಸೆಕೆಂಡಿನಲ್ಲಿ ಹೊರಳುವುದು. ೨೦ ನ್ಯಾನೋಮೀಟರಿನದಕ್ಕೆ ಒಂದು ಮಿಲಿಸೆಕೆಂಡಿನ ಮೂರನೆಯ ಒಂದು ಪಾಲು ಬೇಕು. ಅಡ್ಡಳತೆ ಇಮ್ಮಡಿಯಾದರೆ ಕಾಲವು ಅರುವತ್ತು ಸಾವಿರ ಪಟ್ಟಿಗೂ ಮಿಕ್ಕು ಹೆಚ್ಚಿತು!

ಈ ವ್ಯತ್ಯಾಸದ ಮಹತ್ತ್ವವನ್ನು ಶಾಲೆಯ ಕವಾಯತಿನ ಹೋಲಿಕೆಯಿಂದ ತಿಳಿಯಬಹುದು. ಉಪಾಧ್ಯಾಯರು ಎಡಕ್ಕೆ, ಬಲಕ್ಕೆ ಎಂದು ಬೇಗ ಬೇಗ ಆಜ್ಞೆ ಕೊಡುತ್ತಿರುವರೆನ್ನಿ. ಚುರುಕಾದ ಹುಡುಗ ಆಜ್ಞೆಯೊಡನೆಯೇ ತಿರುಗುವನು, ಅವನಿಗೆ ಆಯಾಸವಿಲ್ಲ. ತೀರ ಜಡನಾದವನು ತಿರುಗುವುದೇ ಇಲ್ಲ, ಅವನಿಗೂ ಆಯಾಸವಿಲ್ಲ. ತಿರುಗುವನು, ಆದರೆ ಸದಾ ಸ್ವಲ್ಪ ತಡವಾಗಿ, ಎಂಬ ಮೂರನೆಯವನು ಪ್ರತಿ ಸಲವೂ ಆಜ್ಞೆಗೆ ವಿರೋಧವಾಗಿ ನಿಂತು ತಳ್ಳಿಸಿಕೊಂಡು ಬೆವರುವನು. ಕಾಂತಕ್ಷೇತ್ರ ಆಜ್ಞೆಯಾದರೆ ಹರಳು ಹುಡುಗ, ಬೆವರೇ ಶಾಖ. ಕ್ಷೇತ್ರವು ಸೆಕೆಂಡಿಗೆ ೧ ಲಕ್ಷ ಸಲ ಆಂದೋಲಿಸುತ್ತಿದ್ದರೆ ಈ ಮೂರನೆಯ ಹುಡುಗನಂತೆ ನಡೆಯುವುದು, ಮೇಲಿನ ಲೆಕ್ಕದ ಪ್ರಕಾರ, ೧೬ರಿಂದ ೧೭ ನ್ಯಾನೋಮೀಟರಿನ ಹರಳು. ಇದಕ್ಕಿಂತ ತುಸು ಚಿಕ್ಕದಾದರೂ ದೊಡ್ಡದಾದರೂ ಕಾವು ಇಳಿಯುವುದು. ಒಂದೇ ಅಳತೆಯ ಹರಳುಗಳನ್ನು ತಯಾರಿಸಲು ರಸಾಯನವಿಜ್ಞಾನಿಗಳು ಇಷ್ಟೊಂದು ಶ್ರಮಪಡುವುದೇಕೆಂಬುದು ಇದರಿಂದ ವಿಶದವಾಗುವುದು.

ಕಾವು ಸಾಲದಿದ್ದರೆ ಕ್ಷೇತ್ರವನ್ನು ಬಲಪಡಿಸಬಾರದೇ, ಆಂದೋಲನವನ್ನು ಹೆಚ್ಚಿಸಬಾರದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಹಜವಾದ ಪ್ರಶ್ನೆ. ಅಡ್ಡಿಯಾಗುವುದು ರೋಗಿಯ ದೇಹವೇ. ರಕ್ತಮಾಂಸಗಳು ಉಪ್ಪುನೀರಿನಂತೆ ವಿದ್ಯುದ್ವಾಹಕಗಳು. ಹರಳಿನಲ್ಲಿ ಹುಟ್ಟದ ಸುಳಿಪ್ರವಾಹಗಳು ದೇಹದಲ್ಲಿ ಧಾರಾಳವಾಗಿ ಹುಟ್ಟುವುವು. ಅಟ್ಕಿನ್‌ಸನ್, ಬ್ರೆಜೋವಿಚ್ ಮತ್ತು ಅವರ ಸಂಗಡಿಗರು ೧೯೮೪ರಲ್ಲಿ ಮನುಷ್ಯರು ಎಷ್ಟು ತಾಳಬಲ್ಲರೆಂಬುದನ್ನು ಪರೀಕ್ಷಿಸಿ ಒಂದು ಮಿತಿಯನ್ನು ಹೇಳಿದರು. ಕ್ಷೇತ್ರದ ಬಲವನ್ನು ಮೀಟರಿಗೆ ಇಷ್ಟು ಆಂಪೇರ್ ಎಂದಳೆದು, ಅದನ್ನು ಸೆಕೆಂಡಿನ ಆಂದೋಲನಗಳಿಂದ ಗುಣಿಸಿದರೆ ಬರುವ ಸಂಖ್ಯೆಯು ೪೮.೫ ಕೋಟಿಯನ್ನು ಮೀರಬಾರದು. ಎಂದರೆ ೧ ಲಕ್ಷ ಆಂದೋಲನಕ್ಕೆ ಸುಮಾರು ೪,೮೫೦ ಆಂಪೇರು. ಸುಳಿಯ ಕಾವು ಭಾಗದ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ತಲೆಗಾಗಲಿ ಕೈಗಾಗಲಿ ಇದಕ್ಕಿಂತ ಹೆಚ್ಚಿನ ಕ್ಷೇತ್ರ ಸಲ್ಲಬಹುದು; ಹೊಟ್ಟೆಗೆ ಆ ರಿಯಾಯಿತಿ ಇಲ್ಲ.

ಈ ಚಿಕಿತ್ಸೆಯ ವಿಚಾರ ಹೊಸದಲ್ಲ. ಅಮೆರಿಕದ ಶಿಕಾಗೋದ ಶಸ್ತ್ರವೈದ್ಯ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ೧೯೫೭ರಲ್ಲಿಯೇ, ಕ್ಯಾನ್ಸರ್ ಹರಡುವ ಹಾಲುರಸದ ಗಂಟುಗಳಲ್ಲಿ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮಕಣಗಳನ್ನು ಸೇರಿಸಿ, ಸೆಕೆಂಡಿಗೆ ೧೨ ಲಕ್ಷ ಸಲ ಆಂದೋಲಿಸುವ ಕ್ಷೇತ್ರದಿಂದ ಕಾಯಿಸಿದ ಪ್ರಯೋಗವನ್ನು ಪ್ರಕಟಿಸಿದರು. ಬರ್ಲಿನ್ನಿನಲ್ಲಿ ಬೆಳೆದ ಇಂತಹ ಒಂದು ವಿಧಾನಕ್ಕೆ, ಮಿದುಳಿನ ಗೆಡ್ಡೆಗಳ ಚಿಕಿತ್ಸೆಗಾಗಿ, ೨೦೧೦ರಲ್ಲಿ ಯೂರೋಪಿನಲ್ಲಿ ಅನುಮತಿಯೂ ದೊರೆಯಿತು. ಅಲ್ಲಿ ಹರಳುಗಳ ದ್ರವವನ್ನು ಸೂಜಿಯಿಂದ ಗೆಡ್ಡೆಯೊಳಕ್ಕೇ ಚುಚ್ಚುವರು. ಗೆಡ್ಡೆಗೂ ಕ್ರಿಮಿಗೂ ಇರುವ ಮುಖ್ಯ ಭೇದವನ್ನು ಈಗ ನೋಡಬೇಕು. ಲೇಖನದ ತಿರುಳಿರುವುದು ಇಲ್ಲಿಯೇ.

ಹರಳು ಕ್ರಿಮಿಯ ಮೈಗೆ ಅಂಟಿಕೊಂಡರೆ ಕ್ರಿಮಿ ಮಾತ್ರ ಬೆಂದು, ನೆರೆಯ ಜೀವಕೋಶ ತಣ್ಣಗಿರುವುದೆಂದು ಅನೇಕರು ಭಾವಿಸುವರು. ಚಿತ್ರ ಮನೋಹರವಾಗಿದೆ. ಲೆಕ್ಕ ಮಾಡಿ ನೋಡೋಣ. ಒಂದು ಗ್ರಾಂ ಹರಳುಗಳು ೧೦೦ ವಾಟ್ ಶಾಖವನ್ನು ಕೊಡುವುವೆಂದು ಇಟ್ಟುಕೊಳ್ಳಿ. ಇದು ಒಳ್ಳೆಯ ಹರಳುಗಳಿಗೆ ಸಲ್ಲುವ ಅಂಕಿ. ೨೦ ನ್ಯಾನೋಮೀಟರಿನ ಒಂದು ಹರಳಿನ ತೂಕದಿಂದ ಗುಣಿಸಿದರೆ, ಒಂದೊಂದು ಹರಳಿನ ಶಾಖವು ಒಂದು ವಾಟಿನ ಕೋಟಿಯಲ್ಲೊಂದರ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಮೆ. ಸುತ್ತಲೂ ನೀರು; ನೀರು ಶಾಖವನ್ನು ಒಯ್ಯುತ್ತಲೇ ಇರುವುದು. ಚಿಕ್ಕ ಗೋಳದ ಮೈಯಲ್ಲಿ ಉಷ್ಣತೆ ಎಷ್ಟು ಏರುವುದೆಂಬುದಕ್ಕೆ ಸರಳವಾದ ಸೂತ್ರವಿದೆ: ಶಾಖದ ದರವನ್ನು, ಪೈಯ ನಾಲ್ಕರಷ್ಟು, ನೀರಿನ ಉಷ್ಣವಾಹಕತೆ, ಗೋಳದ ತ್ರಿಜ್ಯ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ, ಒಂದು ಡಿಗ್ರಿಯ ಸುಮಾರು ಮೂರೂವರೆ ಕೋಟಿಯಲ್ಲಿ ಒಂದು ಪಾಲು! ಒಂದು ಹರಳು ಕ್ರಿಮಿಯನ್ನು ಬೆಚ್ಚಗೆ ಕೂಡ ಮಾಡದು.

ಒಂದು ಹರಳು ಸಾಲದಿದ್ದರೆ ಕ್ರಿಮಿಯನ್ನೇ ಹರಳುಗಳಿಂದ ಮುಚ್ಚಿಬಿಡೋಣ ಎನ್ನಬಹುದು. ಕ್ರಿಮಿಯಷ್ಟೇ ದೊಡ್ಡದಾದ, ೧ ಮೈಕ್ರೋಮೀಟರ್ ತ್ರಿಜ್ಯದ, ಪೂರ್ತಿ ಮ್ಯಾಗ್ನಟೈಟಿನ ಉಂಡೆಯನ್ನು ಊಹಿಸಿಕೊಳ್ಳಿ. ಅದರ ನಡುವಣ ಉಷ್ಣತೆಯೂ ಏರುವುದು ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಪಾಲಿಗಿಂತ ಕಡಮೆ. ಕಾರಣವೇನೆಂದರೆ, ಶಾಖವು ಚಿಕ್ಕ ದೂರವನ್ನು ಅತಿ ಶೀಘ್ರವಾಗಿ ಕ್ರಮಿಸುವುದು. ನೀರಿನಲ್ಲಿ ಒಂದು ಮೈಕ್ರೋಮೀಟರ್ ಹರಡಲು ಅದಕ್ಕೆ ಸುಮಾರು ೭ ಮೈಕ್ರೋಸೆಕೆಂಡ್ ಸಾಕು. ಒಂದು ಮಿಲಿಮೀಟರ್ ಹರಡಲು ೭ ಸೆಕೆಂಡ್ ಬೇಕು. ಸಾವಿರ ಪಟ್ಟು ದೂರಕ್ಕೆ ಹತ್ತು ಲಕ್ಷ ಪಟ್ಟು ಕಾಲ. ಆದುದರಿಂದಲೇ ದೊಡ್ಡ ರಾಶಿ ತನ್ನ ಕಾವನ್ನು ಉಳಿಸಿಕೊಳ್ಳುವುದು, ಕಿಡಿ ತಣಿದುಹೋಗುವುದು. ಒಂದು ಮಿಲಿಲೀಟರ್ ದ್ರವದಲ್ಲಿ ೧೦ ಮಿಲಿಗ್ರಾಂ ಹರಳುಗಳನ್ನು ಬೆರಸಿ, ಆ ದ್ರವದಿಂದ ೩ ಮಿಲಿಮೀಟರ್ ತ್ರಿಜ್ಯದ ಭಾಗವನ್ನು ತುಂಬಿದರೆ ಅದರ ನಡುಭಾಗ ೭ ಡಿಗ್ರಿಗೂ ಹೆಚ್ಚು ಏರುವುದು. ಗೆಡ್ಡೆಯಲ್ಲಿ ಯಶಸ್ಸಿಗೆ ಆಸ್ಪದವಿರುವುದು, ಬಿಡಿ ಕ್ರಿಮಿಯ ವಿಷಯದಲ್ಲಿ ಇಲ್ಲದಿರುವುದು ಇದರಿಂದಲೇ. ಹರಳಿನ ಮೈಗೆ ತಾಗಿದ ಕೆಲವು ನ್ಯಾನೋಮೀಟರ್‌ಗಳಲ್ಲಿ ಉಷ್ಣತೆಯು ಹಲವು ಡಿಗ್ರಿ ಹೆಚ್ಚಿದ್ದುದನ್ನು ಅಳೆದೆವೆಂದು ಹೇಳುವ ಸಂಶೋಧಕರೂ ಇರುವರು. ಸಾಮಾನ್ಯ ಉಷ್ಣವಹನದ ನಿಯಮಕ್ಕೆ ಅದು ಹೊಂದದಿರುವುದರಿಂದ ವಾದ ನಡೆದಿದೆ. ನನಗಂತೂ ನಿಯಮದ ಕಡೆಗೇ ಒಲವು.

ಹಾಗಾದರೆ ಪ್ರಯತ್ನವೇ ವ್ಯರ್ಥವೇ? ಅಲ್ಲ. ಕ್ರಿಮಿಯನ್ನು ಮಾತ್ರ ಕಾಯಿಸಲಾಗದು ಎಂದಷ್ಟೇ ಸಿದ್ಧವಾಯಿತು. ಕ್ರಿಮಿಯೂ ನೆರೆಯ ಕೋಶಗಳೂ ಒಟ್ಟಿಗೆ ಕಾಯುವುವು. ಆ ಸಮಾನವಾದ ಕಾವಿನಲ್ಲಿ ಯಾರು ಮೊದಲು ಸೋಲುವರೆಂಬುದೇ ಪ್ರಶ್ನೆ. ನಮ್ಮ ಜೀವಕೋಶಗಳು ೪೧–೪೨ ಡಿಗ್ರಿ ಸೆಂಟಿಗ್ರೇಡನ್ನು ಕೆಲಕಾಲ ತಾಳಬಲ್ಲುವು. ಸುಮಾರು ೪೩ ಡಿಗ್ರಿಯಾಚೆ ಒಂದೊಂದು ಡಿಗ್ರಿ ಏರಿದಂತೆಲ್ಲ ತಾಳುವ ಕಾಲವು ಅರ್ಧರ್ಧವಾಗುತ್ತ ಬರುವುದೆಂದು ಕಂಡುಕೊಂಡಿರುವರು. ಆದುದರಿಂದ ಕ್ರಿಮಿಯನ್ನು ಹಾಲಿನಂತೆ ಕುದಿಸುವ ಮಾತೇ ಇಲ್ಲ. ಆಟದ ಅಂಗಳ ನಾಲ್ಕೈದು ಡಿಗ್ರಿಯಷ್ಟು ಮಾತ್ರ. ೨೦೧೯ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಚೀನ ಮತ್ತು ಅಮೆರಿಕಗಳ ಸಂಶೋಧಕರು ಇದೇ ಅಂಗಳದಲ್ಲಿ ಆಡಿದರು. ಮ್ಯಾಂಗನೀಸ್ ಬೆರೆತ ಕಬ್ಬಿಣದ ಆಕ್ಸೈಡಿನ ಹರಳುಗಳಿಗೆ ಸಿಲಿಕದ ಹೊದಿಕೆ ಕೊಟ್ಟು, ಹೆಲಿಕೊಬ್ಯಾಕ್ಟರ್ ಕ್ರಿಮಿಗಳೊಡನೆ ಬೆರಸಿ, ಕಾಂತಕ್ಷೇತ್ರದಿಂದ ೪೧ ಡಿಗ್ರಿಯ ಆಸುಪಾಸಿಗೆ ಕಾಯಿಸಿದರು. ಕ್ರಿಮಿಗಳ ಬೆಳವಣಿಗೆ ಕುಗ್ಗಿತು. ಅದಕ್ಕಿಂತ ಮುಖ್ಯವಾದುದು, ಕಾವಿನೊಡನೆ ಅಮಾಕ್ಸಿಸಿಲಿನ್ ಔಷಧವನ್ನು ಸ್ವಲ್ಪವೇ ಸೇರಿಸಿದಾಗ ಪರಿಣಾಮವು ಬಹಳ ಹೆಚ್ಚಿತು. ಕಾವಿನಿಂದ ಕ್ರಿಮಿಯ ಹೊರಪೊರೆ ಸಡಿಲವಾಗಿ ಔಷಧಕ್ಕೆ ದಾರಿ ಸುಲಭವಾಗುವುದೆಂಬುದು ವಿವರಣೆ. ನನ್ನ ಅಭಿಪ್ರಾಯದಲ್ಲಿ ಈ ಮಾರ್ಗದ ನಿಜವಾದ ಬೆಲೆ ಇರುವುದು ಇಲ್ಲಿ: ಕಾವು ಕೊಲೆಗಾರನಾಗಬೇಕಾಗಿಲ್ಲ, ಬಾಗಿಲು ತೆರೆಯುವವನಾದರೆ ಸಾಕು. ಆದರೆ ಇದು ಗಾಜಿನ ಪಾತ್ರೆಯಲ್ಲಿ ನಡೆದ ಪ್ರಯೋಗವೆಂಬುದನ್ನು ಮರೆಯಬಾರದು. ಪಾತ್ರೆಯಲ್ಲಿ ಕಾವನ್ನು ಕದ್ದೊಯ್ಯುವ ರಕ್ತಪ್ರವಾಹವಿಲ್ಲ.

ಜಠರದಲ್ಲಿ ಬೇರೆ ತೊಡಕುಗಳೂ ಉಂಟು. ಆಮ್ಲವು ಕಬ್ಬಿಣದ ಆಕ್ಸೈಡನ್ನು ಮೆಲ್ಲಗೆ ಕರಗಿಸುವುದರಿಂದ ಸಿಲಿಕದಂತಹ ಹೊದಿಕೆ ಅನಿವಾರ್ಯ. ನುಂಗಿದುದನ್ನು ಜಠರವು ಕೆಲವು ಗಂಟೆಗಳೊಳಗೆ ಮುಂದಕ್ಕೆ ತಳ್ಳಿಬಿಡುವುದು. ಲೋಳೆಯು ಸದಾ ಹೊಸದಾಗುತ್ತಿರುವುದು. ಕ್ರಿಮಿಯೋ ಲೋಳೆಯ ಅಡಿಯಲ್ಲಿರುವುದು. ಅಲ್ಲಿಗೆ ಹೋಗುವ ದಾರಿಯನ್ನು ಕ್ರಿಮಿಯಿಂದಲೇ ಕಲಿತವರು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು. ಅವರು ೨೦೧೫ರಲ್ಲಿ ಸುರುಳಿಯಾಕಾರದ ಸೂಕ್ಷ್ಮವಾದ ಕಾಂತೀಯ ತಿರುಪುಗಳನ್ನು ಮಾಡಿ, ಅವುಗಳ ಮೈಗೆ ಯೂರಿಯೇಸ್ ಕಿಣ್ವವನ್ನು ಅಂಟಿಸಿ, ಯೂರಿಯ ಬೆರೆತ ಆಮ್ಲಭರಿತ ಲೋಳೆಯಲ್ಲಿ ಬಿಟ್ಟರು. ತಿರುಗುವ ಕಾಂತಕ್ಷೇತ್ರದಲ್ಲಿ ಅವು ಲೋಳೆಯನ್ನು ಕರಗಿಸಿಕೊಳ್ಳುತ್ತ ಕೊರೆದು ಸಾಗಿದುವು. ಕಿಣ್ವವಿಲ್ಲದವು ಸಿಕ್ಕಿಬಿದ್ದುವು.

ಇಂತಹ ತಿರುಪುಗಳ ವಿಷಯದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಒಳ್ಳೆಯ ಕೆಲಸ ನಡೆದಿದೆ. ಹಲ್ಲಿನ ಬೇರಿನ ಚಿಕಿತ್ಸೆ ವಿಫಲವಾಗುವುದಕ್ಕೆ, ಹಲ್ಲಿನೊಳಗಿನ ಅತಿ ಸಣ್ಣ ನಾಳಗಳಲ್ಲಿ ಅಡಗಿರುವ ಬ್ಯಾಕ್ಟೀರಿಯಗಳು ಒಂದು ಮುಖ್ಯ ಕಾರಣ. ಸಂಸ್ಥೆಯವರು ೨೦೨೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಬ್ಬಿಣ ಲೇಪಿಸಿದ ಸಿಲಿಕದ ತಿರುಪುಗಳನ್ನು ಕಿತ್ತ ಹಲ್ಲುಗಳ ನಾಳಗಳಲ್ಲಿ ಕಾಂತಕ್ಷೇತ್ರದಿಂದ ನಡೆಸಿ, ಸುಮಾರು ೨ ಮಿಲಿಮೀಟರ್ ಆಳದವರೆಗೆ ಕೊಂಡೊಯ್ದು, ಅಲ್ಲಿ ಕಾವನ್ನು ಹುಟ್ಟಿಸಿ ಕ್ರಿಮಿಗಳನ್ನು ಕೊಂದು ತೋರಿಸಿದರು. ಹಲ್ಲಿನಲ್ಲಿ ಅನುಕೂಲಗಳು ಹೆಚ್ಚು: ಜಾಗ ಇಕ್ಕಟ್ಟು, ಸುತ್ತಲೂ ಗಟ್ಟಿ ಗೋಡೆ, ಆಮ್ಲದ ಕಾಟವಿಲ್ಲ, ಸುರುಳಿಯನ್ನು ತೀರ ಹತ್ತಿರಕ್ಕೆ ತರಬಹುದು. ಜಠರಕ್ಕಿಂತ ಮೊದಲು ಹಲ್ಲಿನಲ್ಲಿ ಈ ವಿದ್ಯೆ ನೆಲೆಗೊಳ್ಳುವ ಸಂಭವವೇ ಹೆಚ್ಚೆಂದು ತೋರುವುದು.

ಇಂತಹ ಸುದ್ದಿಯನ್ನು ಮುಂದೆ ಓದುವ ವಿದ್ಯಾರ್ಥಿಯು ಅದರಲ್ಲಿ ನಾಲ್ಕು ಅಂಕಿಗಳನ್ನು ಹುಡುಕಬೇಕು: ಕ್ಷೇತ್ರದ ಬಲ, ಆಂದೋಲನಗಳ ಸಂಖ್ಯೆ, ಮಿಲಿಲೀಟರಿಗೆ ಹರಳುಗಳ ತೂಕ, ಕಾಯಿಸಿದ ಭಾಗದ ಗಾತ್ರ. ಮೊದಲ ಎರಡರ ಗುಣಲಬ್ಧವು ಹಿಂದೆ ಹೇಳಿದ ಮಿತಿಯನ್ನು ಎಷ್ಟು ಮೀರಿದೆಯೆಂದು ನೋಡಬೇಕು. ಉಳಿದೆರಡಕ್ಕೆ ಒಂದು ಸಣ್ಣ ಅಭ್ಯಾಸ ಇಲ್ಲಿದೆ. ಉಂಡೆಯ ನಡುವಣ ಉಷ್ಣತೆಯ ಏರಿಕೆಯು ಹರಳುಗಳ ಸಾಂದ್ರತೆಗೂ ತ್ರಿಜ್ಯದ ವರ್ಗಕ್ಕೂ ಅನುಗುಣವಾಗಿರುವುದು. ೧೦ ಮಿಲಿಗ್ರಾಮಿಗೆ ಬದಲಾಗಿ ಮಿಲಿಲೀಟರಿಗೆ ಒಂದೇ ಮಿಲಿಗ್ರಾಂ ಹರಳುಗಳಿದ್ದರೆ, ಅದೇ ಏರಿಕೆಯನ್ನು ಪಡೆಯಲು ತ್ರಿಜ್ಯವು ೩ ಮಿಲಿಮೀಟರಿನಿಂದ ಎಷ್ಟಕ್ಕೆ ಬೆಳೆಯಬೇಕು? ಹತ್ತರ ವರ್ಗಮೂಲದಿಂದ ಗುಣಿಸಿದರೆ ಸುಮಾರು ೯.೫ ಮಿಲಿಮೀಟರ್ ಬರುವುದು. ಕ್ರಿಮಿ ನೆಲಸಿರುವ ಜಠರದ ಲೋಳೆಯ ಪದರವೋ ಒಂದು ಮಿಲಿಮೀಟರಿನಷ್ಟು ಕೂಡ ದಪ್ಪವಿಲ್ಲ.